ಎಡಬಾಗಿಲಲ್ಲಿ ಒಂದು ಅಂಗೈ ಜಾಗ

ಸುತ್ತು ಎರಡು ಸಾವಿರದ ಎಂಬತ್ತು,
ಹಿರಿಯೂರು ದಾಟಿದ ನಾಲ್ಕನೆಯ ದಿನ

ಪೂಜ್ಯ ಕೊಟ್ರೇಶಜ್ಜನವರಿಗೆ, ನಿಮ್ಮ ವಂಶದ ಒಂಬತ್ತನೆಯ ತಲೆಮಾರಿನ ಸೊಸೆ ಹಾಲಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷ, ತಿಂಗಳು ಎಂಬುದಿಲ್ಲ. ರಸ್ತೆ ನಮ್ಮನ್ನು ಒಂದು ಬಾರಿ ಪೂರ್ತಿ ಸುತ್ತಿಸಿ ತಂದರೆ ಅದೇ ಒಂದು ಸುತ್ತು. ನಿಮ್ಮ ಲೆಕ್ಕದಲ್ಲಿ ಇದು ಇನ್ನೂರೈವತ್ತು ವರ್ಷ ಮುಂದಿನ ಮಾತು. ನಿಮಗೀಗ ಮೂವತ್ತು ದಾಟಿರಲಿಕ್ಕಿಲ್ಲ, ಮೀಸೆ ಇನ್ನೂ ಕಪ್ಪಗೇ ಇರಬಹುದು. ಅಜ್ಜ ಎನಿಸಿಕೊಳ್ಳಲು ಮುಜುಗರವಾದರೆ ಕ್ಷಮಿಸಿ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಬಹುದು. ಬಿಡಿಸಿ ಹೇಳುತ್ತಾ ಹೋಗುತ್ತೇನೆ.

ನೀವು ಮದುವೆ ದಿಬ್ಬಣಗಳಿಗೆ ಬಾಡಿಗೆಗೆ ಬಿಡುವ ಆ ಮಿನಿ ಬಸ್ಸಿನಲ್ಲೇ ನಾವು ವಾಸವಾಗಿದ್ದೇವೆ. ಇದಕ್ಕೆ ಓಡುಮನೆ ಎನ್ನುತ್ತೇವೆ. ಚಕ್ರ ಬೇರೆ, ಎಂಜಿನ್ ಎಂಬುದೇ ಇಲ್ಲ, ಆದರೆ ತಗಡಿನ ಮೈ ನಿಮ್ಮದೇ. ಕರೆಂಟು, ಉಸಿರಾಡುವ ಗಾಳಿ ಎರಡೂ ರಸ್ತೆಯಿಂದಲೇ ಬರುತ್ತವೆ, ಅದೂ ಓಡುವವರಿಗೆ ಮಾತ್ರ. ಹಾಗಾಗಿ ಮನುಷ್ಯರ ನಡಿಗೆಗಿಂತ ತುಸು ಜೋರಾಗಿ ಸದಾ ಓಡುತ್ತಿರುತ್ತೇವೆ. ಚಾವಣಿಯ ಗೂಡಿನಿಂದ ಜೋಳದ ಹಿಟ್ಟು, ನೀರು ಇಳಿಯುತ್ತದೆ. ಅದನ್ನು ಯಾರು ತುಂಬುತ್ತಾರೆಂದು ಕೇಳುವುದು ಮರ್ಯಾದೆಯಲ್ಲ. ಕಿಟಕಿಗಳು ಎಲ್ಲಿದ್ದವೆಂದು ಮಾವನವರಿಗೂ ತಿಳಿಯದು. ಗೋಡೆಯ ಸಣ್ಣ ದೀಪದಲ್ಲಿ ಊರಿನ ಹೆಸರು ಬಂದು ಹೋಗುತ್ತದೆ, ಅಷ್ಟೇ.

ನೀವು ಮಾಡಲಿರುವ ಕೆಲಸದ ಕತೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ನಿಮ್ಮ ಚೊಚ್ಚಲ ಮಗು ಗಾಡಿ ಹತ್ತಿದರೆ ಸಾಕು, ರಸ್ತೆಯ ಸದ್ದಿಗೆ ಬೆಚ್ಚಿ ಅಳುತ್ತದೆ. ನೀವು ದಾವಣಗೆರೆಯ ಶೆಡ್ಡಿನಲ್ಲಿ ಬಾಗಿಲುಗಳ ಒಳಹೊದಿಕೆ ಬಿಚ್ಚಿ, ತಗಡನ್ನು ಒರೆಸಿ, ಬೆನ್ನಿಗೆ ಬೆಳ್ಳಿ ಬಣ್ಣದ ಹಾಳೆಯಿರುವ ಕಪ್ಪು ಶೀಟುಗಳನ್ನು ಬಿಸಿ ಮಾಡಿ ಅಂಟಿಸಿ, ರೋಲರಿನಿಂದ ಉಜ್ಜುತ್ತೀರಿ. ಮೇಲೆ ಫೋಮು. ಆಮೇಲೆ ಹೊರಗೆ ಬಂದು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೀರಿ. ಮೊದಲು ಠಣ್ ಎನ್ನುತ್ತಿದ್ದ ಬಾಗಿಲು ಧಪ್ ಎನ್ನುತ್ತದೆ. ಮಗು ಒಳಗೆ ನಿದ್ದೆ ಹೋಗಿದೆ. ಖುಷಿಯಲ್ಲಿ ನೀವು ಶೀಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತೀರಿ: ಬಡಿದು ನೋಡಿದೆ, ಒಳಗೆ ಕೇಳಲಿಲ್ಲ.

ಆ ಒಂದು ಸಾಲನ್ನು ನಾವು ಶಾಸ್ತ್ರ ಮಾಡಿಕೊಂಡಿದ್ದೇವೆ. ಪ್ರತಿ ತಲೆಮಾರಿನ ಚೊಚ್ಚಲ ಮಗುವಿನ ನಾಮಕರಣದಂದು ಒಳಗೋಡೆಗೆ ಎರಡು ಬೆರಳು ದಪ್ಪದ ಹೊಸ ಪದರ ಅಂಟಿಸುತ್ತೇವೆ. ಹೀಗೆ ಮನೆ ಕಿರಿದಾಗುತ್ತಾ ಬಂದು ಈಗ ಇಬ್ಬರು ಎದುರುಬದುರಾಗಿ ಕೂತರೆ ಮೊಣಕಾಲು ತಗಲುತ್ತವೆ. ಸದ್ದಂತೂ ಇಲ್ಲವೇ ಇಲ್ಲ. ಅತ್ತೆಯ ಮಂಡಿ ಕಟಕಟ ಎನ್ನುವುದು, ನಾದಿನಿ ಎಂಜಲು ನುಂಗುವುದು, ನನ್ನದೇ ರಕ್ತ ಕಿವಿಯಲ್ಲಿ ಹರಿಯುವುದು ಮಾತ್ರ ಕೇಳುತ್ತದೆ. ಪದರ ಅಂಟಿಸಿದ ಮೇಲೆ ಮಗುವಿನ ತಂದೆ ಹೊರಗಿನ ಮೆಟ್ಟಿಲ ಮೇಲೆ ನಿಂತು ಮುಚ್ಚಿದ ಬಾಗಿಲನ್ನು ಬಡಿಯಬೇಕು. ಇದು ಗೆಣ್ಣುಶಾಸ್ತ್ರ. ಮನೆಯ ಹಿರಿಯಳು ಒಬ್ಬೊಬ್ಬರನ್ನೇ ಕೇಳಿಸಿತೇ ಎಂದು ವಿಚಾರಿಸುತ್ತಾಳೆ. ಎಲ್ಲರೂ ಕೇಳಲಿಲ್ಲ ಎನ್ನಬೇಕು. ಯಾರಾದರೂ ಕೇಳಿಸಿತು ಎಂದರೆ ಮಗುವಿಗೆ ಕೇಡು ಎಂಬ ನಂಬಿಕೆ. ಆಮೇಲೆ ಅನ್ನ ಬೇಯುವಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂರಬೇಕು. ಬಳಿಕ ಬಾಗಿಲು ತೆರೆದು ತಂದೆಯನ್ನು ಒಳಗೆ ಕರೆಯುತ್ತಾರೆ. ಅವನು ಯಾರಿಗೂ ಹೇಳದೆ ಆರಿಸಿಟ್ಟ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳುತ್ತಾನೆ.

ಗಂಡನ ಹೆಸರು ಹಿಡಿದು ಬರೆಯಬಾರದು, ಆದರೂ ಬರೆಯುತ್ತೇನೆ: ತಿಪ್ಪೇಶ. ಮಹಾ ಕೀಟಲೆಯ ಮನುಷ್ಯ. ಎರಡು ಬಡಿತ ಜೊತೆಯಾಗಿ, ತಡೆದು ಇನ್ನೊಂದು. ಊಟದ ತಟ್ಟೆಯ ಮೇಲೆ, ನನ್ನ ಬೆನ್ನಿನ ಮೇಲೆ, ಬಸುರಿಯಿದ್ದಾಗ ಹೊಟ್ಟೆಯ ಮೇಲೆ ಹಾಗೇ ತಟ್ಟುತ್ತಿದ್ದರು. ಹನ್ನೊಂದು ದಿನದ ಹಿಂದೆ ನಮ್ಮ ಮಗಳ ನಾಮಕರಣವಿತ್ತು. ಹೆಸರೇನೆಂದು ನಾನು ಎಷ್ಟು ಗೋಗರೆದರೂ ಬಾಯಿ ಬಿಡದೆ, ನಗುತ್ತಾ ಹೊರಗೆ ಹೋದರು. ಅತ್ತೆ ಕರಿಬಸಮ್ಮನವರು ನಮ್ಮನ್ನೆಲ್ಲ ಕೇಳಿದರು. ಮಾವ, ಮೈದುನ, ನಾದಿನಿ, ನಾನು, ಎಲ್ಲರೂ ಕೇಳಲಿಲ್ಲ ಎಂದೆವು. ಅನ್ನ ಬೇಯುವಷ್ಟು ಹೊತ್ತು ಕೂತೆವು. ಆಮೇಲೆ ಬಾಗಿಲು ಎಳೆದರೆ ಬರಲೇ ಇಲ್ಲ. ಹೊಸ ಪದರದ ಹಸಿ ಅಂಟು ಉಬ್ಬಿ ಸಂದಿಯಲ್ಲಿ ಕಚ್ಚಿಕೊಂಡಿತ್ತು. ಅದನ್ನು ಕೊಯ್ದು ತೆರೆಯುವಾಗ ಅರ್ಧ ದಿನ ಕಳೆದಿತ್ತು. ಮೆಟ್ಟಿಲು ಖಾಲಿಯಿತ್ತು. ರಸ್ತೆ ಹಿಂದಕ್ಕೆ ಸರಿಯುತ್ತಿತ್ತು. ಅತ್ತೆ ಬಾಗಿಲು ಹಾಕಿಸಿ, ಸಂದಿಗೆಲ್ಲ ಅಂಟು ಹಾಕಿಸಿ, ಇನ್ನು ಈ ಮಾತು ಬೇಡ ಎಂದರು.

ಮರುದಿನ ಮಧ್ಯಾಹ್ನ ಮಗು ಹಾಲು ಕುಡಿಯುವುದನ್ನು ಬಿಟ್ಟು ಬಾಗಿಲ ಕಡೆ ಕತ್ತು ಹೊರಳಿಸಿತು. ಅದರ ಮರುದಿನವೂ ಅದೇ ಹೊತ್ತಿಗೆ. ಅದಕ್ಕಿನ್ನೂ ಕೇಳಲಿಲ್ಲ ಎನ್ನುವುದನ್ನು ಯಾರೂ ಕಲಿಸಿಲ್ಲ. ಉಳಿದವರು ಮಲಗಿದ ಮೇಲೆ ನಾನು ಅಡುಗೆಯ ಚಾಕುವಿನಿಂದ ಬಾಗಿಲ ಪದರಗಳನ್ನು ಒಂದೊಂದಾಗಿ ಕತ್ತರಿಸತೊಡಗಿದೆ. ಐದನೆಯ ಪದರ ಹೋದಾಗ ಏನೋ ತಾಗಿದಂತೆ ಅನಿಸಿತು. ಏಳನೆಯದಾದ ಮೇಲೆ ಸ್ಪಷ್ಟವಾಗಿತ್ತು: ಎರಡು ಜೊತೆಯಾಗಿ, ತಡೆದು ಇನ್ನೊಂದು. ಓಡುವ ಗಾಡಿಯ ಮೆಟ್ಟಿಲ ಮೇಲೆ ಅನ್ನ ನೀರಿಲ್ಲದೆ ಯಾರೂ ಹನ್ನೊಂದು ದಿನ ಇರಲಾರರು ಎಂಬುದು ನನಗೂ ಗೊತ್ತು, ಅಜ್ಜ. ಗೊತ್ತಿದ್ದೂ ಕತ್ತರಿಸುತ್ತಿದ್ದೇನೆ. ನನಗೆ ಹೆದರಿಕೆಯಾಗುತ್ತದೆ. ಆದರೆ ಮಗಳ ಹೆಸರು ಅವರ ಹತ್ತಿರವೇ ಇದೆ.

ಈಗ ಉಳಿದಿರುವುದು ನಿಮ್ಮ ಶೀಟೊಂದೇ. ಅದು ಕಲ್ಲಾಗಿ ತಗಡಿನ ಜೊತೆ ಒಂದಾಗಿದೆ, ಅತ್ತೆ ಸಂದಿಗೆ ಹಾಕಿಸಿದ ಅಂಟೂ ಕಲ್ಲಾಗಿ ಬಾಗಿಲ ಚಿಲಕವನ್ನು ನುಂಗಿಕೊಂಡಿದೆ. ಚಾಕು ಮುರಿಯಿತು. ನಿಮ್ಮ ಪೆನ್ಸಿಲಿನ ಅಕ್ಷರ ಮಾತ್ರ ಹಾಗೇ ಇದೆ. ಅದಕ್ಕೇ ಈ ಕಾಗದ. ಶೀಟಿನ ಅಂಚಿನಲ್ಲಿ ಒಂದು ಸಣ್ಣ ಸಂದಿಯಿದೆ, ಅದರೊಳಗೆ ತೂರಿಸುತ್ತೇನೆ. ಈ ಗೋಡೆಯೊಳಗೆ ಹೋದ ಸದ್ದು ಇನ್ನೂರೈವತ್ತು ವರ್ಷದಲ್ಲಿ ಒಂದೂ ಹೊರಗೆ ಬಂದಿಲ್ಲ. ಎಲ್ಲಿಗಾದರೂ ಹೋಗಿರಲೇಬೇಕಲ್ಲ, ನಿಮ್ಮ ಕಾಲದ ಕಡೆಗೇ ಇರಬಹುದು.

ನಿಮ್ಮನ್ನು ದೂರುವುದಿಲ್ಲ. ಮಗು ನಿದ್ದೆ ಮಾಡಲೆಂದು ಮಾಡಿದಿರಿ. ನನ್ನ ಕೋರಿಕೆ ಇಷ್ಟೇ: ಎಡಬಾಗಿಲಲ್ಲಿ, ಚಿಲಕದ ಪಕ್ಕ, ಒಂದು ಅಂಗೈ ಜಾಗಕ್ಕೆ ಶೀಟು ಅಂಟಿಸದೆ ಬಿಡಿ. ಇದನ್ನು ಯಾರೂ ಮುಚ್ಚಬಾರದು ಎಂದು ಪೆನ್ಸಿಲಿನಿಂದ ಬರೆದಿಡಿ. ನಿಮ್ಮ ಬರಹವನ್ನು ಈ ಮನೆಯಲ್ಲಿ ಯಾರೂ ಮೀರಿಲ್ಲ. ಆ ಜಾಗವಿದ್ದಿದ್ದರೆ ಅಂದು ನಮ್ಮಲ್ಲಿ ಒಬ್ಬರಿಗಾದರೂ ಕೇಳಿಸುತ್ತಿತ್ತು.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ. ಸುಳ್ಳು ಬರೆದು ಕಳಿಸಲು ಕೈ ಬರುತ್ತಿಲ್ಲ. ಅಂದು ನನಗೆ ಕೇಳಿಸಿತ್ತು, ಅಜ್ಜ. ಮಗುವನ್ನೆತ್ತಿಕೊಂಡು ಬಾಗಿಲಿಗೇ ಒರಗಿ ಕೂತಿದ್ದೆ. ಮೊದಲು ಅವರ ಮೂರು ಬಡಿತ. ಆಮೇಲೆ ಅಂಗೈಯಿಂದ ದಬದಬ. ಮಗಳಿಗೆ ಕೇಡಾದೀತೆಂದು ಕೇಳಲಿಲ್ಲ ಎಂದುಬಿಟ್ಟೆ.

ಇದನ್ನು ಬರೆಯುವಾಗಲೇ ಮತ್ತೆ ಬಡಿತ ಕೇಳಿಸಿತು. ಮಗು ಕತ್ತು ಹೊರಳಿಸಿತು. ಮಲಗಿದ್ದ ಅತ್ತೆ ಕಣ್ಣು ಬಿಡದೆಯೇ "ಕೇಳಿಸ್ತೇನೇ?" ಎಂದರು. ಈ ಸಲ ನಾನು ಕೇಳಿಸಿತು ಎಂದೆ. ಅವರು "ನಂಗೂ ಅವತ್ತೇ ಕೇಳಿಸಿತ್ತು ಕಣೇ" ಎಂದರು. ಮಾವ ಗೋಡೆಯ ಕಡೆ ತಿರುಗಿಕೊಂಡು, ನನಗೂ ಎಂದರು. ಮೈದುನ, ನಾದಿನಿ ಅಳುತ್ತಿದ್ದಾರೆ.

ಹಾಗಾದರೆ ಜಾಗ ಬಿಟ್ಟರೆ ಸಾಲದು, ಅಜ್ಜ. ಒಳಗೆ ಕೇಳಲಿಲ್ಲ ಎಂಬ ಆ ಸಾಲನ್ನೇ ಬರೆಯಬೇಡಿ. ಕೇಳಿಸಿದವರು ಕೇಳಿಸಿತು ಎನ್ನಲಿ ಎಂದು ಬರೆಯಿರಿ. ದಯವಿಟ್ಟು ಬೇಗ ಬರೆಯಿರಿ. ಹೊರಗೆ ಬಡಿತ ನಿಂತಿದೆ. ಮಗುವಿಗೆ ಇನ್ನೂ ಹೆಸರಿಲ್ಲ.

ನಿಮ್ಮ ಮನೆಯ ಸೊಸೆ,
ಹಾಲಮ್ಮ