ಸಹಿ ಹಾಕದೆ ಹೊರಟೆ

ಅಮ್ಮಾ,

ನೀನು ಆಸ್ಪತ್ರೆಯ ಪಾಳಿ ಮುಗಿಸಿ ಬರುವಷ್ಟರಲ್ಲಿ ನಾನು ಸ್ಯಾಸ್ಕಟೂನ್ ನಗರದ ಬಸ್ಸಿನಲ್ಲಿರುತ್ತೇನೆ. ಅಲ್ಲಿ ಕಾಲೇಜು ಸೇರುತ್ತಿದ್ದೇನೆ. ನೀನು ಮಾಡಿಟ್ಟ ಆಲೂಗಡ್ಡೆ ಕಡುಬು, ಪೆರೋಗಿ, ತಿಂದೆ, ಉಳಿದದ್ದು ಫ್ರಿಜ್ಜಿನಲ್ಲಿದೆ. ನಾಯಿಗೂ ಹಾಕಿದ್ದೇನೆ, ಮತ್ತೆ ಕೇಳಿದರೆ ಕೊಡಬೇಡ.

ನಿನ್ನೆ ಕೋಚ್ ಕರೆದು, ಐಸ್ ಹಾಕಿಯ ಜೂನಿಯರ್ ತಂಡದಿಂದ ನಿನ್ನನ್ನು ಕೈಬಿಟ್ಟಿದ್ದೇವೆ ಅಂದರು. "ಅಮೆರಿಕದ ತಂಡವೊಂದು ನಿನ್ನ ಕೇಳ್ತಿದೆ ಕಣೋ. ಸಂಬಳ ಕೊಡ್ತಾರೆ. ಆದ್ರೆ ಅಲ್ಲಿ ಸಹಿ ಹಾಕಿದ್ರೆ ಇಲ್ಲಿ ಆಡಿ ಗಳಿಸಿದ ಕಾಲೇಜಿನ ವಿದ್ಯಾರ್ಥಿವೇತನ ಹೋಗುತ್ತೆ."

"ಎಷ್ಟು ದಿನ ಇಟ್ಕೋತಾರೆ?" ಅಂದೆ.

"ನಿನ್ನ ಮೊಣಕಾಲು ತಡೆಯೋವರೆಗೂ."

ಬೇಡ ಅಂದೆ. ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಮನೆಗೆ ಬಂದು ಮಲಗಿದೆ, ನಿದ್ದೆಯೂ ಬಂತು.

ಹಾಕಿಯ ಚೀಲ ಬಾಗಿಲ ಹತ್ತಿರವೇ ಇದೆ. ನಾತ ಹೊಡೆಯುತ್ತದೆಂದು ಬೈದುಕೊಳ್ಳಬೇಡ, ಎತ್ತಿಡಲು ಕೈ ಬರಲಿಲ್ಲ.

ಅಪ್ಪನಿಗೆ ಏನೂ ಹೇಳಿಲ್ಲ. ಹಿತ್ತಲಲ್ಲಿ ನನಗೆ ಆಡಲೆಂದು ಮಂಜುಗಡ್ಡೆಯ ಅಂಗಳ ಮಾಡಲು ಬೆಳಗಿನಿಂದ ಪೈಪು ಹಿಡಿದು ನೀರು ಬಿಡುತ್ತಿದ್ದಾರೆ. "ಸಂಜೆಗೆ ಗಟ್ಟಿಯಾಗುತ್ತೆ, ಒಂದು ಕೈ ಆಡೋಣ" ಅಂದರು. ಹೂಂ ಅಂದೆ. ಅವರು ಒಳಗೆ ಬಂದು ಕೈ ಬೆಚ್ಚಗೆ ಮಾಡಿಕೊಳ್ಳಲಿ, ಆಮೇಲೆ ನೀನೇ ಹೇಳು.

ಓರೆಸ್ಟ್