ಮೂರು ಸಲ ಕರೆಯುತ್ತಿದ್ದ ಓಪಲ್

ಕ್ರ್ಯಾನ್‌ಬರಿ
೩ ನವೆಂಬರ್ ೨೦೨೫, ಕಾರ್ತಿಕ ಸೋಮವಾರ

ನನ್ನ ಬಂಗಾರದ ಕೂಸು ದಿಯಾಗೆ,

ನೂರು ಕಾಲ ಚೆನ್ನಾಗಿ ಬಾಳು ಅಂತ ನಿಮ್ಮಜ್ಜಿ ಹರಸುವುದು. ನಿನ್ನ ಕೆಮ್ಮು ಹೋಯಿತಾ? ಬಾಸ್ಟನ್ನಿನ ಚಳಿಯಲ್ಲಿ ಒದ್ದೆ ತಲೆ ಬಿಟ್ಟುಕೊಂಡು ಕಾಲೇಜಿಗೆ ಓಡಬೇಡ, ಕಿವಿಗೆ ಏನಾದರೂ ಕಟ್ಟಿಕೋ. ನಾನು ಕ್ಷೇಮ, ಮಂಡಿ ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮವ್ವ ಸ್ಪೀಕರ್ ಹಾಕಿಕೊಂಡು ಪಂಚಾಯ್ತಿ ಕಟ್ಟೆ ಮಾಡಿಬಿಡುತ್ತಾಳೆ, ಅದಕ್ಕೇ ಈ ಕಾಗದ. ನಾನು ಓದಿದ್ದು ನಾಲ್ಕನೇ ಕ್ಲಾಸು, ಒತ್ತಕ್ಷರ ತಪ್ಪಿದ್ದರೆ ನಗಬೇಡ. ನಿನಗೆ ಕಾಗುಣಿತ ತಿದ್ದಿಸಿದ್ದೂ ಇದೇ ಕೈ. ನಿಧಾನವಾಗಿ ಕೂಡಿಸಿ ಓದಿಕೋ. ತಿಳಿಯದಿದ್ದರೆ ನನ್ನನ್ನು ಕೇಳು, ನಿಮ್ಮಪ್ಪನ ಕೈಲಿ ಮಾತ್ರ ಓದಿಸಬೇಡ.

ಪಕ್ಕದ ಮನೆ ಓಪಲ್ ಆಡುತ್ತಿದ್ದ ಹಳೇ ಇಂಗ್ಲಿಷ್ ಮಾತುಗಳು ಕಾಲೇಜಿನ ಪಾಠಕ್ಕೆ ಬೇಕು, ಬರೆದು ಕಳಿಸು ಅಂದಿದ್ದೆಯಲ್ಲ, ತಗೋ. ನಿಮ್ಮಪ್ಪ ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಅನ್ನ ತಿನ್ನುತ್ತಿದ್ದಾನೆ, ಅವನಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಓಪಲ್ ವೆಸ್ಟ್ ವರ್ಜೀನಿಯಾ ಅನ್ನುವ ಬೆಟ್ಟದ ಸೀಮೆಯವಳು. ಲಾರಿ ಓಡಿಸುವ ಗಂಡನ ಹಿಂದೆ ಇಲ್ಲಿಗೆ ಬಂದಾಗ ಅಂಗಡಿಯವರೆಲ್ಲ ಅವಳ ಮಾತಿಗೆ ನಗುತ್ತಿದ್ದರಂತೆ, ನಿನ್ನ ಅಪ್ಪನ ಮದುವೆಯಲ್ಲಿ ನನ್ನ ನಾಗಮಂಗಲದ ಮಾತಿಗೆ ಬೆಂಗಳೂರಿನ ಬೀಗರು ನಕ್ಕ ಹಾಗೆ. ಥಂಡಿ ಗಾಳಿ ಬೀಸಿದರೆ ಏರಿಷ್ ಅನ್ನುತ್ತಿದ್ದಳು. ಕಾಗದದ ಚೀಲ ಅವಳ ಬಾಯಲ್ಲಿ ಪೋಕ್. ಸೊಟ್ಟಗಿದ್ದದ್ದೆಲ್ಲ ಸೈಗಾಗ್ಲಿನ್, ನಿಮ್ಮಪ್ಪ ನಿಲ್ಲಿಸಿದ ಬೇಲಿಯೂ ಸೇರಿ. ಮುಖ ಬಾಡಿದ್ದರೆ ಪೀಕೆಡ್. ಕೈಯೆಲ್ಲ ಜಿಗುಟು ಜಿಗುಟು ಮಾಡಿಕೊಂಡರೆ ಗಾಮ್. ಬೀನ್ಸನ್ನು ಇಡಿಯಾಗಿ ದಾರಕ್ಕೆ ಪೋಣಿಸಿ ಒಣಗಿಸಿದರೆ ಲೆದರ್ ಬ್ರಿಚಸ್, ಅಂದರೆ ತೊಗಲಿನ ಚಡ್ಡಿಯಂತೆ. ತಿನ್ನುವ ಪದಾರ್ಥಕ್ಕೆ ಚಡ್ಡಿ ಅಂತ ಹೆಸರಿಡುತ್ತೀರಲ್ಲೇ ಅಂತ ನಾನು ಬೈದಿದ್ದೆ. ದೂರದಿಂದ ಕೂಗಿ ಕರೆಯುವುದು ಹಾಲರ್. ಅವಳು ಬೀನ್ಸ್ ಪೋಣಿಸುತ್ತಿದ್ದಳು, ನಾನು ಅವರೆಕಾಳು ಹಿದುಕುತ್ತಿದ್ದೆ. ಹಿದುಕು ಅನ್ನುವುದನ್ನು ಅವಳೂ ಕಲಿತಿದ್ದಳು.

ಇನ್ನೊಂದನ್ನೂ ಕಲಿತಿದ್ದಳು, ನಿನಗೆ ಜ್ಞಾಪಕ ಇರಬೇಕು, ಅದನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದವಳು ನೀನೇ. ನಮ್ಮ ಕಡೆ ಮುಸ್ಸಂಜೆ ಹೊತ್ತಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೇ ಓಗೊಡುವುದು. ಮನುಷ್ಯರಾದರೆ ಮತ್ತೆ ಮತ್ತೆ ಕರೆಯುತ್ತಾರೆ. ಒಂದೇ ಸಲ ಕರೆದು ಸುಮ್ಮನಾಗುವುದು ಬೇರೆಯದು, ಅದಕ್ಕೆ ಓಗೊಟ್ಟರೆ ಜೀವ ಕೊಂಡೊಯ್ಯುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು. ನೀನು ನಗುನಗುತ್ತಾ ಹೇಳಿದೆ, ಓಪಲ್ ನಗಲಿಲ್ಲ. ತಮ್ಮ ಬೆಟ್ಟದಲ್ಲೂ ಇಂಥವು ಇವೆ ಅಂದಳು. ಅವತ್ತಿನಿಂದ ಹೊತ್ತು ಮುಳುಗಿದ ಮೇಲೆ ಬೇಲಿ ಹತ್ತಿರ ಬಂದರೆ ನಿಂಗಮ್ಮ ಅನ್ನಲು ನಾಲಿಗೆ ತಿರುಗದೆ ನಿಂಗ, ನಿಂಗ, ನಿಂಗ ಅಂತ ಮೂರು ಸಲ ಕರೆಯದೆ ಇರುತ್ತಿರಲಿಲ್ಲ. ನಾನು ಹೆತ್ತ ಮಗ ಒಂದು ಸಲ ಅವ್ವ ಅಂತ ಕೂಗಿ, ಕಿವಿ ಕೇಳಲ್ವಾ ಅಂತ ರೇಗುತ್ತಾನೆ.

ದೀಪಾವಳಿಗೆ ಮೂರು ದಿನ ಇರುವಾಗ ಒಬ್ಬಳೇ ಇದ್ದ ಅವಳು ತನ್ನ ಮನೆ ಹಿತ್ತಲ ಮೆಟ್ಟಿಲ ಮೇಲೆ ಬಿದ್ದದ್ದು ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಎಲೆ ಗುಡಿಸುವವನು ಬಂದು ನೋಡುವ ತನಕ ಯಾರೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಉಸಿರಿತ್ತು, ಮಾತಿರಲಿಲ್ಲ. ಮಗಳು ಲೊರೇನ್ ನಮ್ಮ ಮನೆಗೇ ಬಂದು, ಅಮ್ಮ ಕೂಗಿದ್ದು ಯಾರಿಗಾದರೂ ಕೇಳಿಸಿತಾ ಅಂತ ಕೇಳಿದಳು. ಕಿಟಕಿ ಎಲ್ಲ ಮುಚ್ಚಿದ್ದೆವು, ಯಾರಿಗೂ ಕೇಳಿಸಲಿಲ್ಲ ಅಂದ ನಿಮ್ಮಪ್ಪ. ನಾನೂ ತಲೆ ಆಡಿಸಿದೆ. ಕರೆಯುವುದಕ್ಕೆ ಒಂದು ಹೆಸರೂ ಇಲ್ಲದೆ ಅಮ್ಮ ಬಿದ್ದಿದ್ದಳು ಅಂತ ಅತ್ತಳು ಆ ಹುಡುಗಿ. ಹುಡುಗಿ ಅಂದರೆ ಅವಳಿಗೂ ಅರವತ್ತಾಗಿದೆ.

ಹೋದ ವಾರ ಮನೆ ಖಾಲಿ ಮಾಡಲು ಬಂದಿದ್ದಳು. ಉಪ್ಪಿಟ್ಟು ತಗೊಂಡು ಹೋದೆ. ಅಮ್ಮನ ಎರಡು ಬಟ್ಟಲು ನೀವು ಇಟ್ಟುಕೊಳ್ಳಿ ಅಂತ ಕೈಗೆ ಕೊಟ್ಟಳು. ಒಂದು ಪೋಕ್ ಇದ್ದರೆ ಕೊಡು, ಹಾಕಿಕೊಂಡು ಹೋಗುತ್ತೇನೆ ಅಂತ ನನಗೆ ಬರುವ ಇಂಗ್ಲಿಷಿನಲ್ಲಿ ಅಂದೆ. ಅವಳು ಗಕ್ಕನೆ ನನ್ನ ಕಡೆ ತಿರುಗಿದಳು. ನನ್ನ ಕೈ ಹಿಡಿದುಕೊಂಡು, ಇನ್ನೊಂದು ಸಲ ಹೇಳಿ ಅಂದಳು. ಆ ಮೆಟ್ಟಿಲ ಮೇಲೇ ಕೂತು ಮೇಲೆ ಬರೆದವನ್ನೆಲ್ಲ ಹೇಳಿದೆ, ಓಪಲ್ ಎಳೆದ ಹಾಗೇ ಎಳೆದು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಕೊನೆಗೆ, ಅಮ್ಮನ ಮಾತು ಇನ್ನೂ ಇವೆಯಾ ಅಂತ ಕೇಳಿದಳು. ಇಲ್ಲ ಅಂದೆ. ಈ ಭಾನುವಾರ ಬಂದು ಮನೆ ಕೀಲಿ ಬೇರೆಯವರಿಗೆ ಕೊಟ್ಟುಬಿಡುತ್ತಾಳಂತೆ, ಆಮೇಲೆ ಈ ಕಡೆ ಬರುವುದಿಲ್ಲ.

ನಿನ್ನೆ ಗಡಿಯಾರ ಹಿಂದಕ್ಕೆ ತಿರುಗಿಸಿದರು. ಐದು ಗಂಟೆಗೆಲ್ಲ ಕತ್ತಲು ಬಂದು ಬಾಗಿಲಲ್ಲಿ ಕೂರುತ್ತದೆ. ದೀಪ ಹಚ್ಚಲು ಹೋದರೆ ಚಳಿ ಮೈಗೆ ತಾಗುವ ಮುಂಚೆಯೇ ಏರಿಷ್ ಅಂತ ನನ್ನ ಬಾಯಿ ಅಂದುಬಿಡುತ್ತದೆ, ಅವಳ ರಾಗದಲ್ಲಿ. ಯಾರ ಹತ್ತಿರ ಮಾತಾಡ್ತಿದ್ದೀರಿ ಅತ್ತೆ ಅಂತ ನಿಮ್ಮವ್ವ ಬಂದು ನೋಡುತ್ತಾಳೆ. ಓಪಲ್ ಮನೆ ಹಿಂದೆ ಅರ್ಧ ಪೋಣಿಸಿದ ಬೀನ್ಸ್ ಹಾಗೇ ನೇತಾಡುತ್ತಿದೆ. ಬಿಚ್ಚಲು ಲೊರೇನಿಗೂ ಮನಸ್ಸಾಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಡಬ್ಬಿಯಲ್ಲಿ ಕಳಿಸಿದ ಹುರಿಹಿಟ್ಟನ್ನು ಗೆಳತಿಯರಿಗೆ ಹಂಚಿ ದೊಡ್ಡಸ್ತಿಕೆ ಮಾಡಬೇಡ, ನೀನು ತಿನ್ನು. ನಮ್ಮ ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಹಾದಿ ನೋಡುವ ಅಜ್ಜಿ,
ನಿಂಗಮ್ಮ

ಅಂಟು ಹಾಕುವ ಮುಂಚೆ ಬರೆದದ್ದು: ಅವಳು ಕರೆದಳು ಕಣವ್ವ. ಓಪಲ್ ಬಿದ್ದ ಆ ಸಂಜೆ ನಮ್ಮ ಹಿತ್ತಲ ಬಾಗಿಲು ತೆಗೆದೇ ಇತ್ತು, ದೀಪಕ್ಕೆ ಎಣ್ಣೆ ಬಿಡುತ್ತಿದ್ದೆ. ನಿಂಗ ಅಂದಳು, ಒಂದೇ ಸಲ. ಓಪಲ್ ಆದರೆ ಮೂರು ಸಲ ಕರೆಯುತ್ತಾಳೆ, ಇದು ಅವಳಲ್ಲ ಅಂದುಕೊಂಡೆ. ಬತ್ತಿ ಕೈಯಲ್ಲೇ ಹಿಡಿದು ಎರಡನೆಯದಕ್ಕೆ ಕಾದೆ, ಮೂರನೆಯದಕ್ಕೆ ಕಾದೆ, ಆಮೇಲೆ ಬಾಗಿಲು ಹಾಕಿ ಅಗುಳಿ ಹಾಕಿಕೊಂಡೆ. ನಿಮ್ಮಪ್ಪನಿಗೂ ಹೇಳಿಲ್ಲ. ಕರೆಯಲು ಹೆಸರಿತ್ತು ಅಂತ ಲೊರೇನಿಗೆ ಗೊತ್ತಾಗಬೇಕು, ಆ ಹೆಸರಿನವಳು ಏನು ಮಾಡಿದಳು ಅಂತಲೂ ಗೊತ್ತಾಗಬೇಕು. ನನ್ನ ಇಂಗ್ಲಿಷ್ ಅಷ್ಟು ದೂರ ಹೋಗುವುದಿಲ್ಲ, ನಿಮ್ಮಪ್ಪನಿಗೆ ಹೇಳಿಸಿದರೆ ಬೆಲ್ಲ ಸವರಿ ಹೇಳುತ್ತಾನೆ. ಶನಿವಾರದ ಬಸ್ಸಿಗೆ ಬಾ. ನಾನು ಹೇಳಿದ್ದನ್ನು ಹಾಗೇ ಹೇಳು, ಅಗುಳಿ ಹಾಕಿದ್ದನ್ನು ಬಿಡಬೇಡ. ಅವಳು ಉಗಿದರೆ ಉಗಿಯಲಿ. ನೀನು ಬರುವಾಗ ಕತ್ತಲಾಗಿದ್ದರೂ ಹಿತ್ತಲ ಕಡೆಯಿಂದಲೇ ಬಾ, ಒಂದೇ ಸಲ ಕರಿ ಸಾಕು, ಬರುತ್ತೇನೆ.