ರಿಬ್ಬನ್ನಿನೊಳಗೆ ಸಿಕ್ಕಿಕೊಂಡ ತಪಾಸಣೆ

ಮಾನ್ಯ ಆರೋಗ್ಯ ನಿರ್ದೇಶಕರೇ,

ವಿಶ್ವ ಕ್ಯಾನ್ಸರ್ ದಿನದಂದು ತಾವು ಕ್ಯಾನ್ಸರ್ ತಪಾಸಣೆಯ ಕೊಠಡಿಗೇ ಬೀಗ ಹಾಕಿಸಿದಿರಿ. ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ನಾನೇ ಓದಿದ್ದೇನೆ: ‘ಜಾಗೃತಿ ಕಾರ್ಯಕ್ರಮದ ನಿಮಿತ್ತ ಇಂದು ತಪಾಸಣೆ ಇರುವುದಿಲ್ಲ.’ ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರೆಂಬ ಗಾದೆಯನ್ನು ಇಷ್ಟು ದಿನ ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಗಾದೆಯ ಕ್ಷಮೆ ಕೋರುತ್ತೇನೆ.

ಇದು ಮೊದಲ ಸಲವೂ ಅಲ್ಲ. ತಮ್ಮ ಹುದ್ದೆಯವರಿಗೆ ವರ್ಗಾವಣೆ ಇದೆ, ನನ್ನ ಜ್ಞಾಪಕಕ್ಕಿಲ್ಲ. ಹೋದ ವರ್ಷ ಇದೇ ದಿನ ಮಾನವ ಸರಪಳಿಯು ಆಸ್ಪತ್ರೆಯ ಗೇಟಿಗೆ ಅಡ್ಡಲಾಗಿ ಎಷ್ಟು ಭದ್ರವಾಗಿ ನಿಂತಿತ್ತೆಂದರೆ, ರೋಗಿಗಳು ಅಡುಗೆಮನೆಯ ಕಡೆಯಿಂದ ಒಳಗೆ ನುಸುಳಬೇಕಾಯಿತು. ಅದರ ಹಿಂದಿನ ವರ್ಷ ಕೊಠಡಿಯ ತುಂಬ ಬಲೂನು. ಇಡೀ ಜಗತ್ತು ಕೈಜೋಡಿಸಿದೆ ಎಂದು ಈ ಸಲದ ಭಾಷಣದಲ್ಲಿ ಹೇಳಿದಿರಿ. ಬಹಳ ಸಂತೋಷ. ಆದರೆ ಎಲ್ಲರೂ ಕೈಜೋಡಿಸಿಕೊಂಡು ನಿಂತರೆ ಯಂತ್ರದ ಗುಂಡಿ ಒತ್ತುವವರು ಯಾರು?

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ಎದೆಯಲ್ಲೊಂದು ಗಂಟು ಅವಳ ಕೈಗೆ ಸಿಕ್ಕಿ ತಿಂಗಳುಗಳಾದವು. ಭಾವ ಗೋಗರೆದರು, ನಾನು ಪುಸ್ತಕ ತಂದು ಓದಿ ಹೇಳಿದೆ. ‘ಅಂಗ್ಡಿ ಮುಚ್ಚಿ ಹೋದ್ರೆ ಬಟ್ಟೆ ಯಾರು, ನಿಮ್ಮಪ್ಪ ಹೊಲೀತಾನಾ?’ ಎಂದಳು. ನಮ್ಮಪ್ಪ ಅವಳಪ್ಪನೂ ಹೌದೆಂಬುದು ಆ ಕ್ಷಣಕ್ಕೆ ಅವಳಿಗೆ ಮರೆತಿತ್ತು. ಕೊನೆಗೆ ಅವಳನ್ನು ಒಲಿಸಿದ್ದು ಅಂಗಡಿಯೆದುರಿನ ಗೋಡೆಗೆ ತಾವು ಅಂಟಿಸಿದ ‘ಇಂದೇ ಬನ್ನಿ’ ಎಂಬ ಭಿತ್ತಿಪತ್ರವೇ. ಅದನ್ನು ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಆ ವಿಶ್ವ ಕ್ಯಾನ್ಸರ್ ದಿನದಂದೇ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಬೀಗ ಕಂಡಿತು. ನಾನು ವಿಚಾರಿಸಲು ಕಚೇರಿಯೊಳಗೆ ಹೋಗಿ ಬರುವಷ್ಟರಲ್ಲಿ ತಮ್ಮ ಸ್ವಯಂಸೇವಕರೊಬ್ಬರು ‘ಬನ್ನಿ ಅಮ್ಮಾ, ಜನ ಕಮ್ಮಿ ಬಿದ್ದಿದಾರೆ’ ಎಂದು ಅವಳ ತಲೆಗೆ ಟೋಪಿ ಹಾಕಿ ಜಾಥಾಕ್ಕೆ ಸೇರಿಸಿಬಿಟ್ಟಿದ್ದರು.

ಜಾಥಾದ ಮುಂದೆ ಆಳೆತ್ತರದ, ಸ್ಪಂಜು ತುಂಬಿದ ಗುಲಾಬಿ ರಿಬ್ಬನ್ ನಡೆಯುತ್ತಿತ್ತು. ಒಳಗೊಬ್ಬ ಹೆಣ್ಣುಮಗಳು, ಮುಖವಷ್ಟೇ ಹೊರಗೆ. ಅವಳ ಪಕ್ಕದಲ್ಲೇ ಟೋಪಿ ಹಾಕಿಸಿಕೊಂಡ ಅಕ್ಕ. ‘ಇಂದೇ ಪರೀಕ್ಷಿಸಿಕೊಳ್ಳಿ!’ ಎಂಬ ಘೋಷಣೆಗಳ ನಡುವೆ, ಫುಟ್‌ಪಾತಿನಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ ನನಗೆ ಅವರಿಬ್ಬರ ಮಾತು ಕೇಳಿಸಿತು.

‘ಯಾರಮ್ಮ ಇದನ್ನ ಹೊಲ್ದಿದ್ದು? ಕಂಕುಳಲ್ಲಿ ಬಟ್ಟೇನೇ ಬಿಟ್ಟಿಲ್ಲ.’

‘ಉಸಿರಾಡೋಕೂ ಆಗ್ತಿಲ್ಲ ಅಕ್ಕಾ.’

‘ಇದೇನಾ ನಿನ್ ಕೆಲ್ಸ?’

‘ಇಲ್ಲಕ್ಕ. ತಪಾಸಣೆ ಯಂತ್ರ ನಡೆಸೋಳು ನಾನು.’

‘ಅಯ್ಯೋ ನಿನ್ನ! ನಾನು ಬಂದಿದ್ದೇ ನಿನ್ ಹತ್ರ. ನಡಿ, ವಾಪಸ್ ಹೋಗೋಣ.’

‘ಹೇಗಕ್ಕ ಬರ್ಲಿ? ಜಿಪ್ಪು ಬೆನ್ನಲ್ಲಿದೆ. ಸಾಹೇಬ್ರ ಭಾಷಣ ಮುಗಿಯೋವರ್ಗೂ ಬಿಚ್ಚಬಾರ್ದು ಅಂತ ಆರ್ಡ್ರು.’

ಸಾಹೇಬರೆಂದರೆ ತಾವು. ತಮ್ಮ ಭಾಷಣ ಮುಗಿಯುವಾಗ ಆಸ್ಪತ್ರೆಯ ಹೊತ್ತೂ ಮುಗಿದಿತ್ತು. ‘ಜಾಗೃತ ನಾಗರಿಕ’ ಎಂಬ ಪದಕವನ್ನು ಅಕ್ಕನ ಕೊರಳಿಗೆ ತಾವೇ ಹಾಕಿದಿರಿ. ಅದೀಗ ಹೊಲಿಗೆ ಯಂತ್ರದ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ. ಭಾವ ಆಸ್ಪತ್ರೆಯ ಮಾತೆತ್ತಿದರೆ ಸಾಕು, ಕತ್ತರಿ ಎತ್ತಿ ಅದನ್ನು ತೋರಿಸುತ್ತಾಳೆ: ‘ಹೋಗಿ ಬಂದಿಲ್ವಾ? ಸುಮ್ಸುಮ್ನೆ ಮೆಡಲ್ ಕೊಡ್ತಾರಾ?’ ಭಾವನ ಮುಖ ನೋಡಲಾಗುವುದಿಲ್ಲ. ಗಂಟಿಗೆ ಪದಕದ ವಿಷಯ ಯಾರೂ ತಿಳಿಸಿಲ್ಲ, ನಿರ್ದೇಶಕರೇ. ಅದು ಇದ್ದಲ್ಲೇ ಇದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಸೋಮವಾರ ಬೆಳಿಗ್ಗೆ ಆ ಹೆಣ್ಣುಮಗಳನ್ನು, ಮಾಮೂಲಿ ಉಡುಪಿನಲ್ಲಿ, ಯಂತ್ರದ ಪಕ್ಕ ಕೂರಿಸಿ. ಆಮೇಲೆ ತಾವು ಖುದ್ದು ಅಂಗಡಿಗೆ ಬಂದು, ಕೊಟ್ಟ ಕೈಯಿಂದಲೇ ಆ ಪದಕವನ್ನು ಕಿತ್ತುಕೊಂಡು ಓಡಿ. ಅಕ್ಕ ಬಿಡುವವಳಲ್ಲ. ಟೇಪು ಕೊರಳಲ್ಲಿರುವಂತೆಯೇ, ತಮ್ಮ ವಂಶವನ್ನೆಲ್ಲ ಬೈಯುತ್ತ ಬೆನ್ನಟ್ಟಿ ಬರುತ್ತಾಳೆ. ಎಲ್ಲಿಯೂ ನಿಲ್ಲಬೇಡಿ, ಭಾಷಣವನ್ನಂತೂ ಮಾಡಲೇಬೇಡಿ. ನೇರ ತಪಾಸಣೆಯ ಕೊಠಡಿಯೊಳಕ್ಕೆ ನುಗ್ಗಿ, ಆಚೆ ಬಾಗಿಲಿನಿಂದ ಹೊರಬಿದ್ದು ಚಿಲಕ ಹಾಕಿಬಿಡಿ. ಈಚೆ ಬಾಗಿಲನ್ನು ಭಾವ ಮತ್ತು ನಾನು ನೋಡಿಕೊಳ್ಳುತ್ತೇವೆ.

ಇಂತಿ,
‘ಜಾಗೃತ’ ಪದಕ ಸಿಗದಿದ್ದರೂ ನಿದ್ದೆ ಬಾರದಿರುವ
ಅವಳ ತಮ್ಮ